ಹೊರಟವರ ಹಿಂದೆಯೇ ಕಸಬರಿಗೆ

"ಗುರುಗಳೇ, ನನ್ನ ಮನೆಯ ಎರಡು ಕೋಣೆಗಳನ್ನು ಬಂದುಹೋಗುವವರಿಗೆ ದಿನಬಾಡಿಗೆಗೆ ಕೊಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಶಿವಪುತ್ರ. ಅವನ ಊರಲ್ಲಿ ಹಳೆಯ ಕೋಟೆಯಿದೆ. ಅದನ್ನು ನೋಡಲು ಬರುವವರು ಒಂದೆರಡು ದಿನ ಉಳಿಯಲು ಜಾಗ ಹುಡುಕುತ್ತಾರೆ. ಅವನು ಆಗಲೇ ಮಂಚ ಕೊಂಡಿದ್ದ, ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದ, ಗೋಡೆಗೆ ಬಣ್ಣ ಹೊಡೆಸಿ ಫೋಟೊ ತೆಗೆಸಿದ್ದ. ಗುರುಗಳ ಮುಂದೆ ಫೋನು ಹಿಡಿದು ಒಂದೊಂದಾಗಿ ತೋರಿಸಿದ.

ಗುರುಗಳು ಎಲ್ಲವನ್ನೂ ನೋಡಿದರು. "ಚೆನ್ನಾಗಿದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಅಲ್ಲಿಗೇ ನಿಲ್ಲಿಸಿದ್ದರು. ನೀನು ಮೂರನೆಯದನ್ನು ಹುಡುಕಿದ್ದೀಯ. ಕೂತುಕೋ, ಹೇಳುತ್ತೇನೆ" ಎಂದರು.

ಒಂದು ಊರು. ಊರ ಮುಂದೆ ಹೊಳೆ. ಹೊಳೆಗೆ ಸೇತುವೆ ಇರಲಿಲ್ಲ, ದೋಣಿ ಇತ್ತು. ಆ ಕಡೆಯವರು ಸಂತೆಗೆಂದು ಈ ಕಡೆ ಬರುತ್ತಿದ್ದರು, ಸಂತೆ ಮುಗಿಯುವವರೆಗೆ ಅವರಿಗೆ ಜಾಗ ಬೇಕು. ಈ ಕಡೆಯವರು ದಾಟಲೆಂದು ಬರುತ್ತಿದ್ದರು, ದೋಣಿ ಸಿಗುವವರೆಗೆ ಅವರಿಗೂ ಜಾಗ ಬೇಕು. ಎಲ್ಲರೂ ದಂಡೆಯ ಮೇಲೆ ಸೊಳ್ಳೆ ಹೊಡೆದುಕೊಳ್ಳುತ್ತ ಕೂತಿರುತ್ತಿದ್ದರು.

ಆ ಊರಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ದುಂಡಪ್ಪ ಎಂದು ಅವನ ಹೆಸರು. ಹೆಂಡತಿ ಕಲ್ಲವ್ವ. ಒಬ್ಬಳೇ ಮಗಳು ನೀಲವ್ವ, ಮದುವೆಯಾಗಿ ಅದೇ ದಂಡೆಯ ಇನ್ನೊಂದು ಹಳ್ಳಿಗೆ ಹೋಗಿದ್ದಳು. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ತವರಿಗೆ ಬರುತ್ತಿದ್ದಳು. ಅವಳು ಬರುವ ಮೊದಲು ದುಂಡಪ್ಪ ಹೊಸ ಹಗ್ಗ ಹೊಸೆದು ಜೋಕಾಲಿ ಕಟ್ಟುತ್ತಿದ್ದ. ಊರಿಗೆಲ್ಲ ಹಗ್ಗ ಮಾರುವವನು ಆ ಒಂದು ಹಗ್ಗವನ್ನು ಮಾತ್ರ ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನನ್ನು ಬೈಯಲು ಹೊರಡಬೇಡ.

ಮಗಳು ಮಲಗುತ್ತಿದ್ದ ಕೋಣೆ ವರ್ಷವಿಡೀ ಸುಮ್ಮನೆ ಬಿದ್ದಿರುತ್ತಿತ್ತು. ಅದನ್ನು ದಂಡೆಯ ಮೇಲಿನವರಿಗೆ ಕೊಟ್ಟರೆ ಅವರಿಗೂ ಅನುಕೂಲ, ತಮಗೂ ಅನುಕೂಲ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಮೊದಲು ಬಂದವನು ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಮನೆಗೆ ಬಂದವರನ್ನು ಬೀಗರ ಹಾಗೆ ನೋಡಿಕೊಳ್ಳುವುದೊಂದೇ ಇವರಿಗೆ ಗೊತ್ತಿದ್ದ ದಾರಿ. ಯಾವೂರು, ಯಾರ ಪೈಕಿ, ಹೆಂಡತಿಯ ತವರು ಯಾವುದು, ಮಕ್ಕಳಿಗೆ ಮದುವೆಯಾಯಿತೇ ಎಂದು ಒಂದನ್ನೂ ಬಿಡದೆ ಕೇಳಿದರು. ಸಾಕೆಂದು ವ್ಯಾಪಾರಿ ತಾಟಿಗೆ ಕೈ ಅಡ್ಡ ಹಿಡಿದರೆ ಕಲ್ಲವ್ವ ಕೈಯ ಮೇಲೆಯೇ ರೊಟ್ಟಿ ಇಟ್ಟಳು. ಬಂದವರನ್ನು ಒಂಟಿಯಾಗಿ ಮಲಗಿಸುವುದು ಮರ್ಯಾದೆಯಲ್ಲವೆಂದು ದುಂಡಪ್ಪ ಅವನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಗೊರಕೆ ಹೊಡೆದ. ಪಾಪ, ವ್ಯಾಪಾರಿ ಬೆಳಕು ಹರಿಯುವ ಮೊದಲೇ ಗಂಟು ಹೊತ್ತು ದಂಡೆಗೆ ಹೋಗಿ ಕೂತ.

"ಜಾಗಾ ಹ್ಯಾಂಗಿತ್ರಿ ಸಾವ್ಕಾರ?" ಎಂದು ಅಂಬಿಗ ಕೇಳಿದ.

"ಜಾಗಾ ಛಲೋ ಐತಿ. ಇನ್ನೊಂದಿನ ಇದ್ದಿದ್ರ ನನ್ನ ಮಗಳಿಗೆ ವರಾ ಗೊತ್ತ ಮಾಡಿ ಕಳಸತಿದ್ರು."

ಈ ಮಾತು ದುಂಡಪ್ಪನ ಕಿವಿಗೆ ಬಿತ್ತು. ನಾಚಿಕೆಯಾಯಿತು, ನಗುವೂ ಬಂತು. ಗಂಡ ಹೆಂಡತಿ ಕಲಿತರು. ದಣಿದು ಬಂದವರಿಗೆ ಮೊದಲು ನೀರು, ಆಮೇಲೆ ಹಾಸಿಗೆ, ಅವರು ಮಾತಾಡಿಸಿದರೆ ಮಾತ್ರ ಮಾತು. ಒಳಗಿನಿಂದ ಹಾಕಿಕೊಳ್ಳಲು ಬಾಗಿಲಿಗೆ ಅಗುಳಿ ಮಾಡಿಸಿದರು. ಬಚ್ಚಲು ಎಲ್ಲಿದೆ ಎಂದು ಬಂದ ಕೂಡಲೇ ತೋರಿಸಿದರು. ಶಿವಪುತ್ರ, ನಿನಗೆ ಬೇಕಾದದ್ದು ಇಷ್ಟೇ ಆದರೆ ಈಗಲೇ ಎದ್ದು ಹೋಗಬಹುದು.

ಶಿವಪುತ್ರ ಏಳಲಿಲ್ಲ. ಗುರುಗಳು ಮುಂದುವರಿಸಿದರು.

ಒಂದನ್ನು ಮಾತ್ರ ಕಲ್ಲವ್ವ ಬಿಟ್ಟುಕೊಡಲಿಲ್ಲ. ಮನೆಯಿಂದ ಯಾರಾದರೂ ಹೊರಟರೆ ಅವರು ಕಣ್ಮರೆಯಾಗುವವರೆಗೆ ಆ ಮನೆಯಲ್ಲಿ ಕಸ ಗುಡಿಸಬಾರದು. ಹೊರಟ ಬೆನ್ನಿಗೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ. ಇದು ಆ ಸೀಮೆಯ ರೀತಿ, ನಿನ್ನ ಅಜ್ಜಿಗೂ ಗೊತ್ತಿತ್ತು. ಹಾಗಾಗಿ ಅತಿಥಿ ಹೊರಟ ಮೇಲೆ ಕಲ್ಲವ್ವ ಬಾಗಿಲಲ್ಲಿ ನಿಂತು ಹೊಳೆಯ ಕಡೆ ನೋಡುತ್ತಿದ್ದಳು. ಅವನ ದೋಣಿ ಆಚೆ ದಂಡೆ ಮುಟ್ಟಿದ ಮೇಲೆಯೇ ಕಸಬರಿಗೆ ಹಿಡಿಯುತ್ತಿದ್ದಳು.

ತೊಂದರೆ ಏನೆಂದರೆ, ಹೊಸಬರನ್ನು ತಂದು ಇಳಿಸಿದ ದೋಣಿಯೇ ಹಳಬರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಹಳಬರು ಆಚೆ ದಂಡೆ ಮುಟ್ಟುವ ಮೊದಲೇ ಹೊಸಬರು ಗಂಟುಮೂಟೆ ಹೊತ್ತು ಬಾಗಿಲಿಗೆ ಬಂದಿರುತ್ತಿದ್ದರು. ಒಮ್ಮೆ ಒಬ್ಬ ಬಟ್ಟೆ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ಮಳೆಯಲ್ಲಿ ಬಂದ. ದೋಣಿ ಆಚೆ ಮುಟ್ಟಲಿ ಎಂದು ಕಲ್ಲವ್ವ ಅವರನ್ನು ಕಟ್ಟೆಯ ಮೇಲೆ ಕೂರಿಸಿದಳು. ಆ ಹೆಂಗಸು ಕೋಣೆಯೊಳಗೆ ಇಣುಕಿದಳು. ಶೇಂಗಾ ಸಿಪ್ಪೆ, ಎಲೆಯ ತೊಟ್ಟು, ಯಾರದೋ ತಲೆಗೂದಲು ಕಂಡವು. ಸೆರಗನ್ನು ಮೂಗಿಗೆ ಹಿಡಿದು ಗಂಡನನ್ನು ಎಬ್ಬಿಸಿಕೊಂಡು ಬೇರೆ ಮನೆಗೆ ಹೋದಳು. ದುಂಡಪ್ಪನ ಮನೆ ಹೊಲಸು ಎಂಬ ಮಾತು ಸಂಜೆಯೊಳಗೆ ದಂಡೆಯ ತುಂಬ ಹರಡಿತು.

ದುಂಡಪ್ಪನಿಗೆ ಅವಮಾನವಾಯಿತು. ಮರುದಿನ ತಾನೇ ಕಸಬರಿಗೆ ಹಿಡಿದ.

"ಅವ್ರು ಕಣ್ಣಿಗೆ ಮರಿ ಆಗೂತನಾ ಆದ್ರೂ ತಡೀರಿ" ಎಂದಳು ಕಲ್ಲವ್ವ.

"ಅವ್ರೇನ ನಮ್ಮ ಬಳಗೇನ? ಬಂದ್ರು, ಇದ್ರು, ಹೊಂಟ್ರು. ಅವ್ರೂ ತಿರುಗಿ ನೋಡಾಂಗಿಲ್ಲ, ನಾವೂ ನೋಡೂದು ಬ್ಯಾಡ."

ಅವನು ಹೇಳಿದ್ದು ಸುಳ್ಳಲ್ಲ. ದೋಣಿಯ ಗಡಿಬಿಡಿಯಲ್ಲಿ ಹೋಗುವವರು ಯಾರೂ ಹಿಂದೆ ನೋಡುತ್ತಿರಲಿಲ್ಲ. ಆ ಊರಲ್ಲಿ ಗಂಡಸರು ಕಸಬರಿಗೆ ಮುಟ್ಟುವುದಿಲ್ಲ. ದುಂಡಪ್ಪ ಮೊದಮೊದಲು ಬಾಗಿಲು ಮುಚ್ಚಿಕೊಂಡು ಗುಡಿಸಿದ. ಆಮೇಲೆ ನಾಚಿಕೆ ಹೋಯಿತು, ಬಾಗಿಲು ತೆರೆದೇ ಗುಡಿಸಿದ. ಕೊನೆಗೆ ಕೈಗೆ ಎಂಥ ಅಭ್ಯಾಸವಾಯಿತೆಂದರೆ, ಅತಿಥಿಯ ಕಾಲು ಹೊಸ್ತಿಲು ದಾಟಿದ ಕೂಡಲೇ ಅವನ ಕೈ ಮೂಲೆಯಲ್ಲಿದ್ದ ಕಸಬರಿಗೆಗೆ ಹೋಗುತ್ತಿತ್ತು. ಹಾಸಿಗೆ ಕೊಡವಿ, ನೆಲ ಒರೆಸಿ, ಹೊಸ ನೀರು ತುಂಬಿಡುತ್ತಿದ್ದ. ಹೊಸಬರು ಒಳಗೆ ಕಾಲಿಟ್ಟು ಬೆರಗಾಗುತ್ತಿದ್ದರು. ಈ ಕೋಣೆಯಲ್ಲಿ ಯಾರೂ ಇದ್ದೇ ಇಲ್ಲ ಅನ್ನುವ ಹಾಗಿದೆಯಲ್ಲ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ದುಂಡಪ್ಪ ಉಬ್ಬುತ್ತಿದ್ದ.

ಮನೆಗೆ ಹೆಸರು ಬಂತು. ಮೆಣಸಿನಕಾಯಿ ವ್ಯಾಪಾರಿ ಕೂಡ ತಿರುಗಿ ಬಂದು ಇದ್ದು ಹೋದ.

ಪಂಚಮಿ ಬಂತು. ಹೊಳೆ ಏರಿತ್ತು, ದೋಣಿ ಒಂದು ದಿನ ಬಿಟ್ಟರೆ ಎರಡು ದಿನ ಇಲ್ಲ. ಕೋಣೆ ಕೇಳಿಕೊಂಡು ಜನ ಮೇಲಿಂದ ಮೇಲೆ ಬರುತ್ತಿದ್ದರು. ದುಂಡಪ್ಪ ಎಲ್ಲರಿಗೂ ಇಲ್ಲವೆಂದ. ಮಗಳು ಬರುವವಳಿದ್ದಳು, ಕೋಣೆ ಅವಳಿಗೆ. ನೋಡು, ಅಷ್ಟು ಅವನಿಗೆ ತಿಳಿದಿತ್ತು. ಹೊಸ ಹಗ್ಗ ಹೊಸೆಯಲು ಮಾತ್ರ ಆ ಸಲ ಪುರುಸೊತ್ತು ಸಿಗಲಿಲ್ಲ. ಇದ್ದ ಹಗ್ಗದಲ್ಲೇ ಜೋಕಾಲಿ ಕಟ್ಟಿದ. ನೀಲವ್ವ ಬಂದಳು. ಜೋಕಾಲಿ ಆಡಿದಳು, ಹಬ್ಬದ ಸಿಹಿ ಉಂಡಿ ತಿಂದಳು, ಅವ್ವನ ಹತ್ತಿರ ತಲೆ ಬಾಚಿಸಿಕೊಂಡಳು. ಹಗ್ಗದ ಬಗ್ಗೆ ಏನೂ ಅನ್ನಲಿಲ್ಲ.

ಅವಳು ಹೊರಡುವ ದಿನ ಒಂದು ದೋಣಿ ಬಂತು. ಅದರಲ್ಲಿ ಬಂದ ಸಂಸಾರವೊಂದು ಕಟ್ಟೆಯ ಮೇಲೆ ಕೂತಿತು. ಮಗಳು ಹೋದ ಕೂಡಲೇ ಕೋಣೆ ಕೊಡುತ್ತೇನೆಂದು ದುಂಡಪ್ಪ ಅವರಿಗೆ ಮಾತು ಕೊಟ್ಟಿದ್ದ. ಒಳಗೆ ಕಲ್ಲವ್ವ ಮಗಳಿಗೆ ಉಡಿ ತುಂಬಿದಳು. ನೀಲವ್ವ ಅಪ್ಪನ ಕಾಲಿಗೆ ನಮಸ್ಕಾರ ಮಾಡಿ, "ಬರ್ತೀನಪ್ಪಾ" ಎಂದಳು.

"ಹುಷಾರವ್ವಾ. ರಾಡಿ ಐತಿ, ನೋಡಿ ಹೋಗು."

ಅವಳ ಕಾಲು ಹೊಸ್ತಿಲು ದಾಟಿತು.

ಬೀದಿಯ ತಿರುವಿನಲ್ಲಿ ಒಂದು ಬೇವಿನ ಮರವಿತ್ತು. ಪ್ರತಿ ವರ್ಷ ನೀಲವ್ವ ಅಲ್ಲಿ ನಿಂತು ಒಮ್ಮೆ ತಿರುಗಿ ನೋಡುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಕೈ ಎತ್ತುತ್ತಿದ್ದ. ಆಮೇಲೆಯೇ ಅವಳು ತಿರುವು ದಾಟುತ್ತಿದ್ದಳು. ಆ ದಿನವೂ ನಿಂತಳು, ತಿರುಗಿದಳು. ಬಾಗಿಲಲ್ಲಿ ಅವ್ವ ಇದ್ದಳು, ಅಪ್ಪ ಇರಲಿಲ್ಲ. ತೆರೆದ ಬಾಗಿಲಿನೊಳಗೆ ಬಗ್ಗಿದ ಒಂದು ಬೆನ್ನು ಕಂಡಿತು. ಹೊಸ್ತಿಲಿನಿಂದ ಕಸ ಹೊರಗೆ ಬಿತ್ತು. ಆ ಕಸದಲ್ಲಿ ಅವಳು ನಿನ್ನೆ ಮುಡಿದ ಹೂವಿತ್ತು.

ಹೊರಟ ಬೆನ್ನಿಗೇ ಗುಡಿಸುವುದು ಯಾವ ಮನೆಯಲ್ಲಿ ಎಂದು ಅವಳಿಗೂ ಗೊತ್ತಿತ್ತು. ಆದರೂ ಹೋಗಲಿಲ್ಲ, ಅಪ್ಪ ಈಗ ಎದ್ದು ನೋಡಬಹುದೆಂದು ನಿಂತಳು.

ಕಲ್ಲವ್ವ ಒಳಗೆ ತಿರುಗಿ, "ಏನ್ರೀ, ಕೂಸು ನಿಂತಾಳ" ಎಂದಳು.

"ಬಂದೆ, ಇದೊಂದು ಮೂಲಿ ಆಗ್ಲಿ."

ಮೂಲೆ ಆಯಿತು. ದುಂಡಪ್ಪ ಕಸಬರಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದ. ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. "ಹೋದ್ಳೇನ? ಇರ್ಲಿ ಬಿಡು, ಮುಂದಿನ ಪಂಚಮಿಗೆ ಬರ್ತಾಳಲ್ಲ" ಎಂದು ಕಟ್ಟೆಯ ಮೇಲಿದ್ದವರನ್ನು ಒಳಗೆ ಕರೆದ. ಕೋಣೆ ಎಷ್ಟು ಚೊಕ್ಕ ಇದೆ ಎಂದು ಅವರೂ ಹೊಗಳಿದರು.

ಮುಂದಿನ ಪಂಚಮಿಗೆ ನೀಲವ್ವ ಬರಲಿಲ್ಲ. ಕರೆಯಲು ಹೋದವರ ಕೈಯಲ್ಲಿ ಈ ಸಲ ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ಅದರ ಮುಂದಿನ ವರ್ಷವೂ ಹಾಗೆಯೇ ಹೇಳಿದಳು. ಕಲ್ಲವ್ವ ಉಂಡಿ ಕಟ್ಟುವುದನ್ನು ಬಿಟ್ಟಳು, ಗಂಡನ ಜೊತೆ ಮಾತೂ ಕಡಿಮೆ ಮಾಡಿದಳು. ಕೊನೆಗೆ ದುಂಡಪ್ಪ ತಾನೇ ಮಗಳ ಊರಿಗೆ ಹೋದ.

ನೀಲವ್ವ ಅಪ್ಪನನ್ನು ಕಂಡು ಓಡಿ ಬಂದಳು. ಕಾಲಿಗೆ ನೀರು ಕೊಟ್ಟಳು, ಬಿಸಿ ರೊಟ್ಟಿ ಬಡಿದು ಹಾಕಿದಳು, ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಸಿಟ್ಟಿದ್ದಿದ್ದರೆ ದುಂಡಪ್ಪನಿಗೆ ಸುಲಭವಾಗುತ್ತಿತ್ತು, ಬೈಸಿಕೊಂಡು ಹಗುರಾಗುತ್ತಿದ್ದ.

"ಯಾಕವ್ವಾ, ಹಬ್ಬಕ್ಕ ಬರೂದು ಬಿಟ್ಟೀ?" ಎಂದು ಕೇಳಿದ.

"ಮಂದಿ ಬರೂ ಮನಿ ಅಪ್ಪಾ ಅದು. ನಾ ಬಂದ್ರ ನಿಮಗ ಸುಮ್ನ ಆ ಖೋಲಿ ಬಾಡಿಗಿ ತಪ್ಪತೈತಿ."

ಆ ಮಾತನ್ನು ಅವಳು ಕೊಂಕಿಗೆ ಆಡಲಿಲ್ಲ. ಅಪ್ಪನ ಮೇಲಿನ ಕರುಣೆಯಿಂದ ಆಡಿದಳು. ದುಂಡಪ್ಪ ಅರ್ಧ ತಿಂದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದ.

ಅವನು ಹೊರಟ. ನೀಲವ್ವ ಬಾಗಿಲವರೆಗೆ ಬಂದಳು. ಒಳಗೆ ಒಲೆಯ ಮೇಲೆ ಹಾಲಿತ್ತು. ಅತ್ತೆ ಕೂಗಿದಳು, ಹಾಲು ಉಕ್ಕಿ ಕಮರಿದ ವಾಸನೆಯೂ ಬಂತು. ಅವಳು ಕದಲಲಿಲ್ಲ. ದುಂಡಪ್ಪ ಹೊಲದ ದಾರಿ ಹಿಡಿದು ತಿರುತಿರುಗಿ ನೋಡಿದ. ನೋಡಿದಾಗೆಲ್ಲ ಮಗಳು ಬಾಗಿಲಲ್ಲೇ ಇದ್ದಳು, ಕೈ ಎತ್ತುತ್ತಿದ್ದಳು. ಮುಖ ಕಾಣದಷ್ಟು ದೂರ ಬಂದ ಮೇಲೂ ಅವಳ ಸೀರೆಯ ಬಣ್ಣ ಅಲ್ಲೇ ಇತ್ತು. ದುಂಡಪ್ಪ ಹೆಗಲ ವಸ್ತ್ರ ಬಾಯಿಗಿಟ್ಟುಕೊಂಡು ನಡುದಾರಿಯಲ್ಲಿ ನಿಂತು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

ಶಿವಪುತ್ರನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಅವನದು ತಪ್ಪೇ? ಬಾಡಿಗೆಗೆ ಕೊಟ್ಟ ಮೇಲೆ ಕೋಣೆ ಚೊಕ್ಕಟ ಮಾಡಲೇಬೇಕಲ್ಲ. ಕಟ್ಟೆಯ ಮೇಲೆ ಜನ ಕಾಯುತ್ತಿದ್ದರು" ಎಂದ.

"ಬೇವಿನ ಮರದ ಕೆಳಗೂ ಒಬ್ಬಳು ಕಾಯುತ್ತಿದ್ದಳು" ಎಂದರು ಗುರುಗಳು.