ಕೆರೆಯಮ್ಮನ ಪಾಲಿನ ಪಾಯಸ

ಬಾ, ಕಾಲು ಒರೆಸಿಕೊಂಡು ಹಾಸಿಗೆ ಹತ್ತು. ಚಿಕ್ಕಮ್ಮನ ಮದುವೆಗೆ ಇನ್ನೂ ಎಂಟು ದಿನ ಇದೆ, ಈಗಲೇ ಬಳೆ ತೊಟ್ಕೊಂಡು ಕುಣಿದಿದ್ದು ಸಾಕು. ಕತೆ ಬೇಕಾದ್ರೆ ಹೂಂಗುಟ್ಟಬೇಕು. ನೀನು ಹೂಂಗುಟ್ಟೋದು ನಿಲ್ಸಿದ್ರೆ ನನ್ನ ಬಾಯೂ ನಿಲ್ಲುತ್ತೆ, ಗೊತ್ತಾಯ್ತಾ?

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಒಂದು ಊರಿತ್ತಂತೆ, ಊರ ಪಕ್ಕ ಒಂದು ಕೆರೆ ಇತ್ತಂತೆ. ಎಂಥಾ ಕೆರೆ ಅಂತೀಯ, ಈ ದಡದಲ್ಲಿ ನಿಂತು ಕೂಗಿದ್ರೆ ಆ ದಡಕ್ಕೆ ಕೇಳಿಸ್ತಿರಲಿಲ್ಲವಂತೆ. ಅದರೊಳಗೆ ಕೆರೆಯಮ್ಮ ಅಂತ ಒಬ್ಬಳು ತಾಯಿ ಇದ್ಲಂತೆ. ಊರಲ್ಲಿ ಯಾರ ಮನೆ ಮದುವೆ ಆಗ್ಲಿ, ಅಡಿಗೆಗೆ ದೊಡ್ಡ ಪಾತ್ರೆ ಕೊಡೋಳು ಅವಳೇ. ಹಿಂದಿನ ದಿನ ಸಾಯಂಕಾಲ ಆ ಮನೆ ಹೆಂಗಸು ಕೆರೆ ಮೆಟ್ಟಿಲ ಮೇಲೆ ವೀಳ್ಯದೆಲೆ ಅಡಿಕೆ, ಅರಿಶಿನ ಕುಂಕುಮ ಇಟ್ಟು, ಅಮ್ಮಾ, ಇಂಥೋರ ಮನೆ ಮದುವೆ, ಇಷ್ಟು ಎಲೆ ಹಾಕ್ಬೇಕು ಅಂತ ಹೇಳಿ, ಹಿಂತಿರುಗಿ ನೋಡದೆ ಬಂದುಬಿಡಬೇಕು. ಬೆಳಗಾಗಿ ಹೋದ್ರೆ ಕೊಪ್ಪರಿಗೆ, ಹಂಡೆ, ಸೌಟು ಎಲ್ಲಾ ಮೆಟ್ಟಿಲ ಮೇಲೆ ಸಾಲಾಗಿ ಕೂತಿರ್ತಿದ್ವಂತೆ. ನೀರಿಂದ ಎದ್ದು ಬಂದ ಪಾತ್ರೆ, ಒಳಗೆ ಒಂದು ಹನಿ ನೀರಿಲ್ಲ! ಮದುವೆ ಆದಮೇಲೆ ತೊಳೆದು ಅಲ್ಲೇ ಇಟ್ರೆ ನೀರು ಮೆಲ್ಲಗೆ ಮೇಲೇರಿ ಬಂದು ಒಳಕ್ಕೆ ತಗೊಂಡು ಹೋಗ್ತಿತ್ತಂತೆ. ಹೂಂ, ತಾಮ್ರದ್ದೇ. ಮಧ್ಯೆ ಬಾಯಿ ಹಾಕಬೇಡ.

ಆ ಊರಲ್ಲಿ ತಿರುಮಕ್ಕ ಅಂತ ಒಬ್ಬಳಿದ್ಲಂತೆ. ಅಪ್ಪ ಅಮ್ಮ ಇಬ್ಬರೂ ಹೋಗಿಬಿಟ್ಟಿದ್ರು. ಹೊಂಬಾಳೆ ಅಂತ ಒಬ್ಬಳೇ ತಂಗಿ, ಅವಳನ್ನ ಸೊಂಟದ ಮೇಲೆ ಹೊತ್ತು ಸಾಕಿದೋಳು ಇವಳೇ. ತಿರುಮಕ್ಕನ ಕೈ ಅಂದ್ರೆ ಊರಿಗೆಲ್ಲ ಹೆಸರು. ಯಾರ ಮನೆ ಮದುವೆ ಮುಗೀಲಿ, ಕೆರೆಯಮ್ಮನ ಪಾತ್ರೆ ತೊಳೆಯೋಕೆ ಅವಳನ್ನೇ ಕರೀತಿದ್ರು. ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕೂತಳು ಅಂದ್ರೆ ಒಂದು ಅಗುಳು ಅಂಟಿರೋಕೆ ಬಿಡ್ತಿರಲಿಲ್ಲವಂತೆ. ಎಂಜಲು ಮುಸುರೆ ತಾಯಿಗೆ ಸೋಕಿದ್ರೆ ಊರಿಗೆ ಕೇಡು ಅಂತ ಅವಳ ಭಯ. ಜೊತೆಗೆ ಒಂಚೂರು ಜಂಬಾನೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ನಾನು ತೊಳೆದ ಕೊಪ್ಪರಿಗೇಲಿ ಮುಖ ನೋಡ್ಕೊಂಡು ಕುಂಕುಮ ಇಟ್ಕೋಬಹುದು ಅಂತಿದ್ಲಂತೆ.

ಆಮೇಲೆ ಹೊಂಬಾಳೆ ದೊಡ್ಡೋಳಾದ್ಲು. ಮೊದಲನೇ ಸಂಬಂಧ ಬಂತು, ತಾಯಿಯಿಲ್ಲದ ಹುಡುಗಿ, ಬಾಣಂತನಕ್ಕೆ ಯಾರು ದಿಕ್ಕು ಅಂತ ಎದ್ದು ಹೋದ್ರಂತೆ. ಎರಡನೇದು ಬಂತು, ಅವರೂ ಅದೇ ರಾಗ. ಮೂರನೇ ಸಲ ಬಂದ ಹುಡುಗ ಮಾತ್ರ ಹೊಂಬಾಳೇನ ನೋಡಿದೋನೇ, ಮದುವೆ ಅಂತ ಆದ್ರೆ ಇವಳನ್ನೇ ಅಂದನಂತೆ. ಆದ್ರೆ ಅವನಿಗೊಬ್ಬ ಸೋದರಮಾವ, ಬೋರಯ್ಯ ಅಂತ, ಕಡಲೆಬೀಜದಷ್ಟು ತಪ್ಪಿಗೆ ಕುಂಬಳಕಾಯಷ್ಟು ಜಗಳ ತೆಗೆಯೋ ಆಸಾಮಿ. ಅವನು ಅಂದನಂತೆ, ನೋಡವ್ವ ತಿರುಮಕ್ಕ, ನಮ್ಮ ಕಡೆಯಿಂದ ಮುನ್ನೂರು ಜನ ಬರ್ತೀವಿ. ಬಂದ ದಿನ ಮಧ್ಯಾಹ್ನ ಊಟ, ಮಾರನೇ ದಿನ ಬೆಳಿಗ್ಗೆ ಧಾರೆ. ಆ ಊಟದಲ್ಲಿ ಎಲೆ ಮುಂದೆ ಕೂತ ಒಬ್ಬನಿಗೆ ಇಲ್ಲ ಅಂದ್ರೂ ಸರಿ, ಹುಡುಗನ್ನ ಕರ್ಕೊಂಡು ಹೊರಟುಬಿಡ್ತೀನಿ.

ತಿರುಮಕ್ಕ ಹೆದರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕೆ ನಿಂತಳು. ಅರಿಶಿನ ಕುಟ್ಟಿಸಿದ್ಲು, ಹಪ್ಪಳ ಒತ್ತಿಸಿದ್ಲು, ಅಕ್ಕಿ ಕೇರಿಸಿದ್ಲು, ತನ್ನ ಅಮ್ಮನ ಹಳೇ ಸೀರೆ ತಂಗಿಗೆ ಉಡಿಸಿ ನೋಡಿ, ಮೂಲೇಲಿ ನಿಂತು ಒಂದು ಗಳಿಗೆ ಅತ್ತೂ ಬಂದಳಂತೆ. ಆಮೇಲೆ ಬೀಗರು ಬರೋಕೆ ನಾಲ್ಕು ದಿನ ಇದೆ ಅನ್ನುವಾಗಲೇ, ಮುಂಚೇನೇ ಕೇಳಿಡೋಣ ಅಂತ ವೀಳ್ಯದೆಲೆ ಹಿಡಿದು ಕೆರೆಗೆ ಹೋದ್ಲಂತೆ.

ಇಟ್ಟು ಬಂದ್ಲು. ಬೆಳಿಗ್ಗೆ ಹೋಗಿ ನೋಡಿದ್ರೆ ಬರೀ ಮೆಟ್ಟಿಲು.

ಎಲೆ ಬಾಡಿತ್ತೇನೋ ಅಂದುಕೊಂಡು ಎರಡನೇ ದಿನ ತನ್ನ ಹತ್ರ ಇದ್ದ ಒಂದೇ ಒಂದು ಬೆಳ್ಳಿ ಡಾಬು ಬಿಚ್ಚಿ ಮೆಟ್ಟಿಲ ಮೇಲಿಟ್ಟು ಬಂದಳಂತೆ. ಬೆಳಿಗ್ಗೆ ಡಾಬು ಅಲ್ಲೇ ಇತ್ತು. ಅದನ್ನ ಯಾರೋ ಸುತ್ತಿ, ಮೇಲೊಂದು ತಾವರೆ ಎಲೆ ಮುಚ್ಚಿ, ಜೋಪಾನವಾಗಿ ವಾಪಸ್ ಇಟ್ಟಿದ್ರಂತೆ. ಅದನ್ನ ಎತ್ತಿಕೊಂಡು ತಿರುಮಕ್ಕ ಮನೆಗೆ ಬಂದಳು.

ಮೂರನೇ ಸಲ ಅವಳು ಏನನ್ನೂ ಇಟ್ಟು ಬರಲಿಲ್ಲ. ಮಾರನೇ ದಿನ ಕೋಳಿ ಕೂಗುತ್ತಲೇ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಳು. ಕೆರೆ ಜೊತೆ ಜಗಳಕ್ಕೇ ಕೂತಳು ಅಂತಿಟ್ಕೋ. ಅಮ್ಮಾ, ಊರಿಗೆಲ್ಲ ಕೊಟ್ಟೆ, ನನ್ನ ಮಗೂಗೆ ಯಾಕೆ ಇಲ್ಲ? ಇಷ್ಟು ವರ್ಷ ನಿನ್ನ ಪಾತ್ರೆ ತೊಳೆದೋಳು ನಾನು. ಒಂದು ಸೌಟು ಕಳೆದೆನಾ? ಒಂದು ಹಂಡೆ ನೆಗ್ಗಿಸಿದೆನಾ? ಒಂದೇ ಒಂದು ಅಗುಳು ಉಳಿಸಿ ಕಳಿಸಿದೆನಾ ನಿಂಗೆ? ಅಂತ ಕೇಳಿದ್ಲಂತೆ.

ಆಗ, ಹೂಂಗುಟ್ಟು, ಆಗ ಗಾಳಿ ನಿಂತುಹೋಯ್ತಂತೆ. ಹಕ್ಕಿ ಕೂಗೋದು ನಿಂತಿತಂತೆ. ಕೆರೆ ನಟ್ಟನಡುವೆ ನೀರು ಉಕ್ಕೋ ಹಾಲಿನ ಹಾಗೆ ಉಬ್ಬಿ ಉಬ್ಬಿ ಬಂತಂತೆ. ಅದರೊಳಗಿಂದ ಒಬ್ಬ ಮುದುಕಿ ಕತ್ತಿನವರೆಗೆ ಎದ್ಲಂತೆ. ಅವಳ ಬಿಳೀ ಕೂದಲು ಕೆರೆ ಮೇಲೆಲ್ಲ ಹರಡಿಕೊಂಡು ಈ ದಡದಿಂದ ಆ ದಡ ಮುಟ್ಟಿತ್ತಂತೆ. ಮೂಗುಬೊಟ್ಟು ಹೊಳೆದ ಹೊಳಪಿಗೆ, ಸೂರ್ಯ ಹುಟ್ಟಿದ ಅಂದ್ಕೊಂಡು ತಾವರೆಯೆಲ್ಲ ಅರಳಿಬಿಟ್ವಂತೆ. ತಿರುಮಕ್ಕ ಅವಳ ಮುಖ ನೋಡಿದ್ಲಾ ಅಂತೀಯಾ? ಅರ್ಧ ನೋಡಿದ್ಲಂತೆ, ಇನ್ನರ್ಧ ನೋಡೋಕೆ ಧೈರ್ಯ ಸಾಲಲಿಲ್ಲವಂತೆ.

ಕೆರೆಯಮ್ಮ ಅಂದ್ಲಂತೆ, ಇಲ್ಲ ಮಗಳೇ. ಒಂದೇ ಒಂದು ಅಗುಳೂ ಉಳಿಸಿ ಕಳಿಸ್ಲಿಲ್ಲ ನೀನು. ಅದೇ ನನ್ನ ಸಂಕಟ.

ತಿರುಮಕ್ಕನಿಗೆ ಅರ್ಥ ಆಗಲಿಲ್ಲ. ಆಮೇಲೆ ಆ ತಾಯಿ ಹೇಳಿದ್ಲಂತೆ, ನೂರು ಮದುವೆಗೆ ಪಾತ್ರೆ ಕೊಟ್ಟೆ. ಓಲಗದ ಸದ್ದು ಕೇಳಿಸ್ತಿತ್ತು, ಒಗ್ಗರಣೆ ವಾಸನೆ ನೀರೊಳಗೂ ಬರ್ತಿತ್ತು. ನಂಗೂ ಒಂದು ತುತ್ತು ಬರುತ್ತೆ ಅಂತ ಕಾಯ್ತಾ ಕೂತಿರ್ತಿದ್ದೆ. ಬರ್ತಿದ್ದಿದ್ದು ಮಾತ್ರ ತಿಕ್ಕಿ ತೊಳೆದ ಬರೀ ಪಾತ್ರೆ. ಪಕ್ಕದ ಮನೆ ಬಟ್ಟಲಾದ್ರೆ ಬರಿದು ವಾಪಸ್ ಕೊಡ್ತೀಯೇನೇ? ಊರೋರ ಮೇಲೆ ನಂಗೆ ಸಿಟ್ಟಿಲ್ಲ, ಕೇಳ್ದಾಗೆಲ್ಲ ಕೊಟ್ಟೆ. ಬರೀ ಪಾತ್ರೆ ತಂದಿಡ್ತಿದ್ದ ಕೈ ನಿಂದು, ಅದಕ್ಕೆ ನೀನು ಬರೋವರೆಗೂ ಕಾದೆ.

ತಿರುಮಕ್ಕ ನಾಲಿಗೆ ಕಚ್ಚಿಕೊಂಡು, ಅಮ್ಮಾ, ಎಂಜಲು ಕೊಡಬಾರದು ಅಂತ, ಅಂದ್ಲಂತೆ. ಮಕ್ಕಳು ಉಂಡು ಮಿಕ್ಕಿದ್ದನ್ನ ಯಾವ ತಾಯಿ ಎಂಜಲು ಅಂತಾಳೆ, ಅಂದ್ಲಂತೆ ಅವಳು.

ಕೇಳಿದ್ಯಾ? ಹೂಂಗುಟ್ಟೋದು ಮರೀಬೇಡ.

ತಿರುಮಕ್ಕ ಅಲ್ಲೇ ಮೆಟ್ಟಿಲ ಮೇಲೆ ಅಡ್ಡಬಿದ್ದು, ತಾಯೀ, ಮೊದಲನೇ ಸೌಟು ನಿಂಗೇ ತೆಗೆದಿಡ್ತೀನಿ ಅಂದ್ಲು. ಕೆರೆಯಮ್ಮ ತಲೆಯಾಡಿಸಿದ್ಲಂತೆ. ತಲೆಯಾಡಿಸಿದ್ದಕ್ಕೇ ಕೆರೆ ತುಂಬ ಅಲೆ ಎದ್ವಂತೆ. ಬೇಡ, ತೆಗೆದಿಟ್ಟಿದ್ದು ದೇವರಿಗಾಯ್ತು. ನಾನು ಮನೆಯೋಳ ಥರ ಉಣ್ಣಬೇಕು. ಎಲ್ಲರೂ ಉಂಡ ಮೇಲೆ ಕೊಪ್ಪರಿಗೆ ತಳದಲ್ಲಿ ಏನು ಉಳಿಯುತ್ತೋ ಅದು ನಂದು. ಏನೂ ಉಳಿಸದೆ ತಂದ್ಯೋ, ಇನ್ನು ಯಾರ ಮದುವೆಗೂ ನನ್ನನ್ನ ಕೇಳಬೇಡ, ಅಂದು ಮುಳುಗಿಬಿಟ್ಟಳಂತೆ.

ಮುಳುಗಿದ ಕಡೆಯಿಂದಲೇ ಕೊಪ್ಪರಿಗೆ ಮೇಲೆ ಬಂದ್ವಂತೆ. ಒಂದು, ಎರಡು, ಮೂರು. ಒಂದೊಂದರಲ್ಲೂ ಎಮ್ಮೆಕರು ಕಾಲು ಚಾಚಿ ಮಲಗಬಹುದಿತ್ತಂತೆ, ಅಷ್ಟು ಅಗಲ. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ. ತಾವೇ ತೇಲಿಕೊಂಡು ಬಂದು ಅವಳ ಕಾಲ ಹತ್ರ ಸುಮ್ಮನೆ ನಿಂತ್ವಂತೆ.

ಆಮೇಲೆ ಬೀಗರು ಬಂದ್ರು. ಮುನ್ನೂರು ಅಂದೋರು ಐನೂರು ಜನ ಬಂದಿದ್ರಂತೆ! ಬೋರಯ್ಯ ತನ್ನ ಊರಿನ ಜೊತೆಗೆ ಪಕ್ಕದ ಊರನ್ನೂ ಹೊರಡಿಸಿಕೊಂಡು ಬಂದಿದ್ದ. ಒಂದು ಕೊಪ್ಪರಿಗೇಲಿ ಅನ್ನ, ಒಂದರಲ್ಲಿ ಹುಳಿ, ಇನ್ನೊಂದರಲ್ಲಿ ಕಡಲೆಬೇಳೆ ಪಾಯಸ. ತಿರುಮಕ್ಕ ತಾನೇ ಸೌಟು ಹಿಡಿದು ನಿಂತಳು. ಒಂದು ಪಂಕ್ತಿ ಎದ್ದಿತು, ಎರಡನೇ ಪಂಕ್ತಿ ಎದ್ದಿತು, ಮೂರನೇದರಲ್ಲಿ ಬೋರಯ್ಯ ಕೂತ. ಅವನಿಗೆ ಒಂದು ಸಲ ಪಾಯಸ ಬಡಿಸಿದ್ದಾಯ್ತು, ಎರಡು ಸಲ ಆಯ್ತು, ಮೂರು ಸಲ ಆಯ್ತು. ಮೂರನೇದನ್ನೂ ಸುರ್ ಅಂತ ಹೀರಿ, ಇನ್ನೊಂದು ಸೌಟು ಹಾಕವ್ವ ಅಂದನಂತೆ.

ತಿರುಮಕ್ಕ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದ್ಲು. ಅನ್ನ, ಹುಳಿ ಆಗಲೇ ಬಡಿಸಿ ಮುಗಿದಿದ್ವು, ಪಾಯಸದ ತಳದಲ್ಲಿ ಉಳಿದಿದ್ದು ಒಂದೇ ಸೌಟು.

ಹಾಕಿದ್ರೆ ಆ ತಾಯಿಗೆ ಏನೂ ಇಲ್ಲ, ಊರಿಗೆ ಇನ್ನೆಂದೂ ಪಾತ್ರೆ ಇಲ್ಲ. ಹಾಕದಿದ್ರೆ ತಂಗಿ ಮದುವೆ ಇಲ್ಲ. ಆಗ, ಅಕ್ಕನಿಂದ ಎಲ್ಲಾ ಕೇಳಿ ತಿಳಿದಿದ್ದ ಹೊಂಬಾಳೆ ಬಾಗಿಲ ಸಂದಿಯಿಂದ ನೋಡ್ತಿದ್ದೋಳು, ಅರಿಶಿನದ ಮೈಯಲ್ಲೇ ಈಚೆ ಬಂದು, ಅಕ್ಕ, ಮುಚ್ಚಳ ಮುಚ್ಚು, ನಂದು ಏನಾಗುತ್ತೋ ಆಗ್ಲಿ, ಹಸಿದೋಳ ಪಾಲು ತಿಂದು ನಾನು ಸಂಸಾರ ಮಾಡಲ್ಲ ಅಂದ್ಲಂತೆ. ತಿರುಮಕ್ಕ ಮುಚ್ಚಳ ಮುಚ್ಚಿದ್ಲು.

ಬೋರಯ್ಯ ಎದ್ದ. ಎದ್ದ ರಭಸಕ್ಕೆ ಎಲೆಯಲ್ಲಿದ್ದ ಅನ್ನ ಹಾರಿತಂತೆ. ಒಂದು ಸೌಟು ಪಾಯಸ ಮುಚ್ಚಿಟ್ಯಲ್ಲ, ಯಾರಿಗೆ? ಅಂತ ಅಬ್ಬರಿಸಿದ. ನಮ್ಮಮ್ಮಂಗೆ ಅಂದ್ಲು ತಿರುಮಕ್ಕ. ನಿಮ್ಮಮ್ಮ ಸತ್ತು ಯಾವ ಕಾಲವಾಯ್ತು! ಅಂದ ಅವನು. ಹೆತ್ತೋಳು ಸತ್ಲು, ಪಾತ್ರೆ ಕೊಟ್ಟೋಳು ಇದ್ದಾಳೆ, ಬನ್ನಿ, ನೋಡೋರಂತೆ ಅಂದು ತಿರುಮಕ್ಕ ಕೊಪ್ಪರಿಗೆಗೆ ಕೈ ಹಾಕಿದ್ಲಂತೆ. ಆ ಕಡೆ ಹೊಂಬಾಳೆ ಹಿಡಿದ್ಲು. ಮಾವನ ಮುಖ ಕೂಡ ನೋಡದೆ ಮದುಮಗನೂ ಬಂದು ಕೈ ಕೊಟ್ಟನಂತೆ. ಒಳ್ಳೇ ಹುಡುಗ. ಹಿಂದೆ ಬೈಕೊಂಡು ಬೋರಯ್ಯ, ಅವನ ಹಿಂದೆ ಐನೂರು ಜನ, ಓಲಗದೋರೂ ಬಂದ್ರಂತೆ.

ನೆತ್ತಿ ಮೇಲೆ ಬಿಸಿಲು. ಮೆಟ್ಟಿಲ ಮೇಲೆ ಕೊಪ್ಪರಿಗೆ ಇಟ್ಟು ಮುಚ್ಚಳ ತೆಗೆದು ತಿರುಮಕ್ಕ, ಅಮ್ಮಾ, ಎಲ್ಲರದೂ ಆಯ್ತು, ಊಟಕ್ಕೆ ಬಾ, ಅಂದ್ಲಂತೆ.

ಓಲಗ ತಾನಾಗೇ ನಿಂತಿತು. ಕೆರೆ ನೀರೆಲ್ಲ ಒಂದೇ ಕಡೆ ಸರಿದು ಬಂತಂತೆ. ನೀರೊಳಗಿಂದ ಎರಡು ಕೈ ಎದ್ವಂತೆ. ಮೊಣಕೈವರೆಗೆ ಹಸಿರು ಬಳೆ, ಒಂದೊಂದು ಬೆರಳೂ ಬಾಳೆದಿಂಡಿನಷ್ಟು ದಪ್ಪ. ಆ ಕೈ ಕೊಪ್ಪರಿಗೇನ ಬಟ್ಟಲು ಎತ್ತಿದಂಗೆ ಎತ್ತಿ ನೀರೊಳಕ್ಕೆ ತಗೊಂಡ್ವಂತೆ. ಬೋರಯ್ಯ ಅಲ್ಲೇ ನೆಲಕ್ಕೆ ಅಡ್ಡಬಿದ್ದನಂತೆ. ಆಮೇಲೆ ಒಂದು ಕೈ ಮತ್ತೆ ಮೇಲೆ ಬಂದು, ಹೊಂಬಾಳೆ ತಲೆ ಮೇಲೆ ಎಷ್ಟು ಮೆತ್ತಗೆ ಇಳೀತು ಅಂದ್ರೆ, ಮುಡಿದ ಮಲ್ಲಿಗೇಲಿ ಒಂದು ಎಸಳೂ ಬಾಡಲಿಲ್ಲವಂತೆ. ಆ ಹುಡುಗಿ ಅಮ್ಮಾ ಅಂದ್ಲಂತೆ. ಮಾತು ಬಂದಾಗಿಂದ ಅವಳು ಆ ಮಾತನ್ನ ಒಬ್ಬರಿಗೆ ಹೇಳಿದ್ದು ಅದೇ ಮೊದಲು.

ಧಾರೆಯಾ? ಮಾರನೇ ದಿನ ಬೆಳಿಗ್ಗೆ ಆಯ್ತು ಕಣೇ, ಆಗದೆ ಇರುತ್ತಾ? ಮಂಟಪಕ್ಕೆ ಕಂಬ ನೆಟ್ಟಿದ್ದು ಬೋರಯ್ಯನೇ. ಹೊಂಬಾಳೆ ಗಂಡನ ಮನೇಲಿ ಸುಖವಾಗಿದ್ದು ಏಳು ಮಕ್ಕಳನ್ನ ಹೆತ್ತಳಂತೆ, ತಿರುಮಕ್ಕಂಗೂ ಮುಂದಿನ ವರ್ಷವೇ ಕಂಕಣಬಲ ಕೂಡಿ ಬಂತಂತೆ.

ಏನು? ಅವತ್ತು ಕೆರೆಯಮ್ಮ ಏನೂ ಹೇಳಲಿಲ್ವಾ ಅಂತೀಯಾ? ಹೇಳಿದ್ಲು, ಹೇಳಿದ್ಲು. ಐನೂರು ಜನ ಕೈಮುಗಿದು ನಿಂತಿದ್ದಾಗ, ಕೆರೆ ತಳದಿಂದ ಗುಡುಗಿನಂಥ ದನಿ ಬಂತಂತೆ, ತಿರುಮಕ್ಕ, ಪಾಯಸಕ್ಕೆ ಬೆಲ್ಲ ಇನ್ನೊಂದು ಚೂರು ಬೇಕಿತ್ತು ಕಣೇ, ಅಂತ. ಅಷ್ಟು ವರ್ಷದಲ್ಲಿ ತಿರುಮಕ್ಕನ ಕೆಲಸಕ್ಕೆ ಹೆಸರಿಟ್ಟೋರೇ ಇರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು, ಆಗ್ಲಮ್ಮ, ನನ್ನ ಮದುವೆಗೆ ಹಾಕ್ತೀನಿ, ಅಂತ ನಗ್ತಾ ಅಳ್ತಾ ಹೇಳಿದ್ಲಂತೆ.

ಕತೆ ಉಂಡು ಎಲೆ ಎತ್ತಿತು, ನೀನಿನ್ನು ಕಣ್ಣು ಮುಚ್ಚು.