ಕುರಿಮರಿ ದೊಡ್ಡದಾಯಿತು

"ಗುರುಗಳೇ, ಸಮುದ್ರವನ್ನೇ ಇಬ್ಭಾಗ ಮಾಡಿ ದೇವರು ತನ್ನ ಜನರನ್ನು ಐಗುಪ್ತದ ಜೀತದಿಂದ ದಾಟಿಸಿದ. ಅದಕ್ಕಿಂತ ದೊಡ್ಡ ಅದ್ಭುತ ಉಂಟೇ? ಆದರೂ ಯೆಹೂದ್ಯರು ಆ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದಲ್ಲಿ ಊಟಕ್ಕೆ ಕೂರುತ್ತಾರೆ. ನಮ್ಮ ಸ್ವಾಮಿಯೂ ಶಿಲುಬೆಗೇರುವ ಮುನ್ನ ಅದೇ ಊಟಕ್ಕೆ ಕೂತರು. ಸಮುದ್ರವನ್ನು ಬಿಟ್ಟು ಊಟವನ್ನೇಕೆ ಹಿಡಿದುಕೊಂಡರು?" ಎಂದು ಶಿಷ್ಯ ಯೋನಾತಾನ ಕೇಳಿದ.

ಹಸಿದವನ ಪ್ರಶ್ನೆ ಇದು ಎಂದು ಗುರುಗಳು ನಕ್ಕು ಈ ಕತೆ ಹೇಳಿದರು.

ಐಗುಪ್ತದಲ್ಲಿ ಇಸ್ರಾಯೇಲ್ಯರು ಅರಸ ಫರೋಹನಿಗೆ ಜೀತ ಮಾಡುತ್ತಿದ್ದ ಕಾಲ. ಅವರಲ್ಲಿ ಇಟ್ಟಿಗೆ ಮಾಡುವವನೊಬ್ಬನಿದ್ದ. ಒಳ್ಳೆಯವನೇ, ಆದರೆ ಮುನಿಸು ಹಿಡಿದರೆ ಬಿಡುವವನಲ್ಲ. ಇಟ್ಟಿಗೆಯ ಮಣ್ಣಿಗೆ ಬೆರೆಸಲು ಅವನು ಹೊಲಹೊಲ ಅಲೆದು ಕೂಡಿಸಿದ್ದ ಹುಲ್ಲನ್ನು ಪಕ್ಕದ ಮನೆಯವನು ಒಂದು ದಿನ ಹೇಳದೆ ಕೇಳದೆ ಎತ್ತಿಕೊಂಡ. ಅಂದಿನ ಕೆಲಸ ಮುಗಿಯಲಿಲ್ಲ, ಏಟು ಇವನ ಬೆನ್ನಿಗೆ ಬಿತ್ತು. ಆಮೇಲೆ ಎರಡು ಮನೆಗಳ ನಡುವೆ ಮಾತು ನಿಂತೇಹೋಯಿತು.

ಬಿಡುಗಡೆಯ ರಾತ್ರಿಗೆ ದೇವರ ಅಪ್ಪಣೆ ಬಂತು. ಕುರಿಮರಿ ಕೊಯ್ದು ರಕ್ತವನ್ನು ಬಾಗಿಲಿಗೆ ಹಚ್ಚಬೇಕು, ಒಳಗೆ ಕೂಡಿ ಉಣ್ಣಬೇಕು. ರಕ್ತವಿಲ್ಲದ ಮನೆಯ ಚೊಚ್ಚಲ ಮಗ ಆ ರಾತ್ರಿ ಉಳಿಯುವುದಿಲ್ಲ. ಬೆಳಗಿಗೆ ಮಾಂಸದ ಚೂರೂ ಮಿಗಬಾರದು. ತಿಂದು ಮುಗಿಸುವಷ್ಟು ಜನವಿಲ್ಲದಿದ್ದರೆ ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಬೇಕು.

ಇಟ್ಟಿಗೆಯವನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಬೀದಿಯ ಕೊನೆಯ ಮನೆಯವರನ್ನು ಕರೆಯುತ್ತೇನೆ ಎಂದ ಅವನು. ಅಪ್ಪಣೆಯಾಗಿರುವುದು ಪಕ್ಕದ ಮನೆಗೆ ಎಂದಳು ಹೆಂಡತಿ. ಹಾಗಾದರೆ ನಾನೊಬ್ಬನೇ ತಿಂದು ಮುಗಿಸುತ್ತೇನೆ ಎಂದ. ಅರ್ಧ ರೊಟ್ಟಿಗೇ ಸಾಕುಸಾಕೆನ್ನುವ ಗಂಡನನ್ನು ನೋಡಿ ಅವಳಿಗೆ ನಗು ಬಂತು. ಆದರೆ ಹೆಚ್ಚು ಹೊತ್ತು ನಗಲಿಲ್ಲ. ಮರಿ ಆರಿಸುವ ದಿನ ಪಕ್ಕದವನು ಜ್ವರದಲ್ಲಿ ಮಲಗಿದ್ದ, ಮರಿ ತಂದಿರಲಿಲ್ಲ. ಅವನ ಬಾಗಿಲಿನ್ನೂ ಬರಿದಾಗಿತ್ತು. ಅವನಿಗಿದ್ದವನು ಒಬ್ಬನೇ ಮಗ.

"ಬೇಕಾದರೆ ಅವನೇ ಬಂದು ಕೇಳಲಿ" ಎಂದ ಇಟ್ಟಿಗೆಯವನು.

"ಅವರು ಬಾಯಿಬಿಟ್ಟು ಕೇಳುವವರಲ್ಲ, ನೀವು ಕರೆಯುವವರಲ್ಲ. ನಡುವೆ ಆ ಮಗು ಏನು ತಪ್ಪು ಮಾಡಿದೆ?" ಎಂದಳು ಹೆಂಡತಿ.

ಹೊತ್ತು ಮುಳುಗುತ್ತಿತ್ತು. ಇಟ್ಟಿಗೆಯವನು ಎದ್ದ. ಗೋಡೆಗೆ ಗೋಡೆ ಅಂಟಿಕೊಂಡ ಮನೆ. ಆದರೂ ಅವರ ಬಾಗಿಲವರೆಗೆ ಹೋಗಿ ಹಿಂದಿರುಗಿದ, ಮತ್ತೆ ಹೋದ. ಒಳಗೆ ನೆರೆಯವನು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೈಗಳಿಂದ ಬಿಗಿಯಾಗಿ ಅಪ್ಪಿಕೊಂಡಿದ್ದ. ಅದನ್ನು ಕಂಡದ್ದೇ ಇಟ್ಟಿಗೆಯವನು ಹೊಸ್ತಿಲು ದಾಟಿ ಒಳಗೆ ಹೋದ. ಸಾವಿನ ಮಾತೆತ್ತಲಿಲ್ಲ, ಹುಲ್ಲಿನ ಮಾತನ್ನೂ ಎತ್ತಲಿಲ್ಲ.

"ನಮ್ಮ ಕುರಿಮರಿ ದೊಡ್ಡದಾಯಿತು. ಎಲ್ಲರೂ ಊಟಕ್ಕೆ ಬನ್ನಿ" ಎಂದ.

ಬಂದರು. ಹೊರಡಲು ಸಿದ್ಧರಾಗಿ, ಸೊಂಟ ಕಟ್ಟಿ, ಅವಸರದಲ್ಲೇ ಉಂಡರು. ಅಪ್ಪಣೆಯಂತೆ ಮಾಂಸದ ಜೊತೆ ಬಡಿಸಿದ್ದ ಕಹಿಸೊಪ್ಪು ಬಾಯಿಗಿಟ್ಟು ಹುಡುಗ ಮುಖ ಕಿವುಚಿದಾಗ ಇಬ್ಬರು ಗಂಡಸರೂ ಒಟ್ಟಿಗೇ ನಕ್ಕುಬಿಟ್ಟರು. ನಡುರಾತ್ರಿ ಊರಲ್ಲೆಲ್ಲ ಐಗುಪ್ತದವರ ಗೋಳು ಎದ್ದಿತು. ಹುಡುಗ ಇಟ್ಟಿಗೆಯವನ ಮಡಿಲಲ್ಲಿ ನಿದ್ದೆಹೋಗಿದ್ದ. ಅವನ ಎದೆ ಏರಿಳಿಯುವುದನ್ನೇ ಇಬ್ಬರೂ ಬೆಳಗಿನವರೆಗೆ ನೋಡುತ್ತ ಕೂತರು.

ಗುರುಗಳು ಕತೆ ನಿಲ್ಲಿಸಿದರು. ಆದರೂ ಸಮುದ್ರ ಸೀಳಿದ್ದೇ ದೊಡ್ಡದಲ್ಲವೇ ಎಂದು ಯೋನಾತಾನ ಮೆಲ್ಲನೆ ಕೇಳಿದ. ಗುರುಗಳು ಅವನ ತಲೆ ಸವರಿ ಒಂದೇ ಮಾತು ಹೇಳಿದರು.

"ಸಮುದ್ರವನ್ನು ದೇವರು ಸೀಳಿಕೊಟ್ಟ ಮಗೂ, ಆ ಹೊಸ್ತಿಲನ್ನು ಮಾತ್ರ ಮನುಷ್ಯನೇ ದಾಟಬೇಕಾಗಿತ್ತು."