ಬೆಂಕಿಗೆ ಕೊಡದ ಹಸಿರು ಕಲ್ಲು

ಹೊಳೆಯಿಂದ ಅರ್ಧ ಹರದಾರಿ ಆಚೆ, ಒಂದು ಗುಡ್ಡದ ಬುಡದಲ್ಲಿ ಆಶ್ರಮವಿತ್ತು. ಅಲ್ಲಿ ದೇವರ ವಿಷಯ ಕಲಿಸುತ್ತಿರಲಿಲ್ಲ. ಕಲ್ಲುಗಳ ವಿಷಯ ಕಲಿಸುತ್ತಿದ್ದರು. ದೇವರನ್ನು ಹುಡುಕಿಕೊಂಡು ಬಂದ ಕೆಲವರು ವ್ಯತ್ಯಾಸ ಗೊತ್ತಾಗದೆ ಅಲ್ಲೇ ಉಳಿದುಬಿಟ್ಟಿದ್ದರು.

ಗುರುಗಳ ಹೆಸರು ರೇವಣಯ್ಯ. ಗುಡ್ಡದ ಬುಡದ ಒರತೆಯ ನೀರು ಸಿಹಿಯಾಗಿದೆ ಎಂಬ ಒಂದೇ ಕಾರಣಕ್ಕೆ ನಲವತ್ತು ವರ್ಷದ ಹಿಂದೆ ಅಲ್ಲಿ ಬಂದು ಕೂತವರು.

ಆಶ್ರಮದ ಒಂದು ಗೋಡೆಯ ತುಂಬ ಗೂಡುಗಳು. ಒಂದೊಂದು ಜಾತಿಯ ಕಲ್ಲಿಗೆ ಒಂದೊಂದು ಗೂಡು. ಯಾವ ಕಲ್ಲು ಬಂದರೂ ಐದು ಪರೀಕ್ಷೆ. ಕಣ್ಣಿನಿಂದ ನೋಡುವುದು. ಉಗುರಿನಿಂದಲೂ ಚಾಕುವಿನಿಂದಲೂ ಗೀರುವುದು. ಬಿಳಿ ಬಿಲ್ಲೆಯ ಮೇಲೆ ಉಜ್ಜಿ ಒರೆಯ ಬಣ್ಣ ನೋಡುವುದು. ಅಂಗೈಯಲ್ಲಿ ತೂಗುವುದು. ಕೊನೆಗೆ ಒಂದು ಚೂರು ಮುರಿದು, ಕೆಂಡದ ಮೇಲೆ ಸುಟ್ಟು, ಮೂಸುವುದು.

ಯಾವ ಗೂಡಿಗೂ ಸೇರದ ಕಲ್ಲನ್ನು ತಂದವನು ಹೊಸ ಗೂಡು ಕೊರೆಯಬಹುದಿತ್ತು. ಮುಂದೆ ಅವನೇ ಗುರು. ನಲವತ್ತು ವರ್ಷದಲ್ಲಿ ಗುರುಗಳನ್ನು ಬಿಟ್ಟು ಯಾರೂ ಕೊರೆದಿರಲಿಲ್ಲ. ಉಳಿ ಗುರುಗಳ ಪೀಠದ ಪಕ್ಕದಲ್ಲಿ ತುಕ್ಕು ಹಿಡಿಯುತ್ತ ಕೂತಿತ್ತು.

ಕಲಿತವರನ್ನು ಗುರುತಿಸಲು ಇನ್ನೊಂದು ದಾರಿಯಿತ್ತು. ಅಲ್ಲಿ ಏಳೆಂಟು ವರ್ಷ ಇದ್ದವರ ಅಂಗೈಯಲ್ಲಿ ಜೋಳದ ಕಾಳಿನಂಥ ಗಟ್ಟಿ ಗಂಟುಗಳು ಏಳುತ್ತಿದ್ದವು. ಗುರುಗಳ ಅಂಗೈಯಲ್ಲಂತೂ ಖಾಲಿ ಜಾಗವೇ ಇರಲಿಲ್ಲ. ಬಂದ ಭಕ್ತರು ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಬಹಳ ಹಿಂದೆ ಯಾರೋ, "ಇದೇನು ಗುರುಗಳೇ?" ಎಂದು ಕೇಳಿದ್ದರು.

"ನಾನು ಕಲ್ಲನ್ನು ಓದಿದೆ. ಕಲ್ಲು ನನ್ನ ಕೈಯನ್ನು ಓದಿತು" ಎಂದಿದ್ದರು ಗುರುಗಳು.

ಅಂದಿನಿಂದ, ಕಾಳು ಎದ್ದವನು ಕಲಿತವನು ಎಂದಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳುವ ಪದ್ಧತಿ ಎಲ್ಲ ಕಡೆಯೂ ಇದೆ. ಅಲ್ಲಿ ಅದು ಎಣಿಸುವುದಕ್ಕೆ.

ಅಡುಗೆಯ ತಿಪ್ಪಮ್ಮನ ಕೈಯಲ್ಲೂ ಕಾಳು ಎದ್ದಿದ್ದವು. ಅವಳು ಒಂದು ಕಲ್ಲನ್ನೂ ಪರೀಕ್ಷೆ ಮಾಡಿದವಳಲ್ಲ. ಗುರುಗಳ ತಟ್ಟೆ ತೊಳೆದ ಪುಣ್ಯ ಎಂದು ಹಿರಿಯ ಶಿಷ್ಯ ಪಂಪಯ್ಯ ವಿವರಿಸಿದ್ದ. ವಿವರಣೆ ಎಲ್ಲರಿಗೂ ಒಪ್ಪಿಗೆಯಾಗಿತ್ತು.

ಹಾಲಪ್ಪ ಎಂಬ ಶಿಷ್ಯ ಬಂದು ಹನ್ನೆರಡು ವರ್ಷವಾಗಿತ್ತು. ಒಂದು ದಿನ ಅವನು ಗುಡ್ಡದ ಮೇಲಿನ ಹಾಳುಬಿದ್ದ ತಾಮ್ರದ ಗಣಿಗೆ ಇಳಿದು, ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲು ತಂದ. ಕಂದು ಕಲ್ಲಿನ ಮೇಲೆ ಹಸಿರು ಸೂಜಿಗಳು ಹೂವಿನ ಹಾಗೆ ಅರಳಿದ್ದವು.

ಗುರುಗಳು ಮುಟ್ಟಲಿಲ್ಲ. "ಹೇಳು" ಎಂದರು.

"ಬಣ್ಣ ಎಳೆ ಹುಲ್ಲಿನದು. ಹೊಳಪು ಗಾಜಿನದು. ಉಗುರಿಗೆ ಬಗ್ಗುವುದಿಲ್ಲ, ಚಾಕುವಿಗೆ ಬಗ್ಗುತ್ತದೆ. ಒರೆ ಹಸಿರೇ, ಆದರೆ ಬಿಳಿಗೆ ಹತ್ತಿರ. ಗಾತ್ರಕ್ಕೆ ನೋಡಿದರೆ ಭಾರ ಜಾಸ್ತಿ."

"ಬೆಂಕಿ?"

"ಇರುವುದು ಇದೊಂದೇ ಗುರುಗಳೇ. ಒಂಬತ್ತು ದಿನ ಹುಡುಕಿದೆ. ಇನ್ನೊಂದು ಸಿಗಲಿಲ್ಲ."

"ನಾನು ಬೆಂಕಿ ಕೇಳಿದೆ."

"ಒಂದು ಸೂಜಿ ಮುರಿದರೂ ಇಡೀ ಹೂವು ಉದುರಿಹೋಗುತ್ತದೆ."

"ಮೊದಲ ನಾಲ್ಕರಲ್ಲಿ ಕಲ್ಲು ಹೇಗೆ ಕಾಣುತ್ತದೆ ಅಂತ ತಿಳಿಯುತ್ತದೆ. ಅದು ಏನು ಅಂತ ತಿಳಿಯುವುದು ಐದನೆಯದರಲ್ಲಿ."

"ಕಾಣುವಷ್ಟಕ್ಕೇ ಒಂದು ಗೂಡು ಕೊಡಬಾರದೇ?"

"ಅಂಥವಕ್ಕೆಲ್ಲ ಗೂಡು ಕೊಟ್ಟರೆ ಗೋಡೆ ಸಾಲುವುದಿಲ್ಲ."

ಹಾಲಪ್ಪ ಕಲ್ಲನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ.

ಪ್ರತಿ ಅಮಾವಾಸ್ಯೆಗೂ ಗುರುಗಳು, "ಬೆಂಕಿ?" ಎನ್ನುತ್ತಿದ್ದರು. ಹಾಲಪ್ಪ, "ಮುಂದಿನ ಅಮಾವಾಸ್ಯೆಗೆ" ಎನ್ನುತ್ತಿದ್ದ. ಹೀಗೆ ಹನ್ನೊಂದು ಅಮಾವಾಸ್ಯೆಗಳು ಹೋದವು.

ಅಷ್ಟರಲ್ಲಿ ತಿಪ್ಪಮ್ಮನ ಕಾಲು ಮರಗಟ್ಟತೊಡಗಿತ್ತು.

"ಚಪ್ಪಲಿ ಹಾಕ್ಕೊಂಡಿದೀನೋ ಇಲ್ವೋ ಅಂತ ಬಗ್ಗಿ ನೋಡ್ಬೇಕು ಕಣಪ್ಪ ಹಾಲಪ್ಪ" ಎಂದಳು ಒಂದು ದಿನ.

"ಎಣ್ಣೆ ಹಚ್ಚು ತಿಪ್ಪಕ್ಕ" ಎಂದ ಹಾಲಪ್ಪ. ಅವನ ಒಂದು ಕೈ ಸೊಂಟದ ಗಂಟಿನ ಮೇಲಿತ್ತು.

ಹನ್ನೆರಡನೆಯ ಅಮಾವಾಸ್ಯೆಯ ಬೆಳಿಗ್ಗೆ ಪಂಪಯ್ಯ ಎಲ್ಲರೆದುರು ಹೇಳಿದ: "ಹಾಲಪ್ಪನಿಗೆ ಗೋಡೆಯಲ್ಲಿ ಗೂಡು ಯಾಕೆ? ಸೊಂಟವೇ ಆಗಿದೆಯಲ್ಲ."

ಗುರುಗಳ ಮಾತಿಗೆ ಹನ್ನೊಂದು ತಿಂಗಳು ಕದಲದವನು ಈ ಮಾತಿಗೆ ಎದ್ದ. ಜ್ಞಾನ ಯಾವ ಬಾಗಿಲಿನಿಂದ ಬರುತ್ತದೆ ಎಂದು ಹೇಳಲಾಗುವುದಿಲ್ಲ.

ಅಗ್ಗಿಷ್ಟಿಕೆ ಉರಿಸಿದರು. ಹಾಲಪ್ಪ ಚಿಮಟದಿಂದ ಒಂದು ಸೂಜಿಯನ್ನು ಹಿಡಿದು ಮುರಿದ. ಅವನು ಹೇಳಿದ ಹಾಗೇ ಆಯಿತು. ಹೂವು ಪೂರ್ತಿ ಬಟ್ಟೆಯ ಮೇಲೆ ಉದುರಿತು.

"ಒಂದು ಚಿಟಿಕೆ ಇಡು" ಎಂದರು ಗುರುಗಳು. "ಮೇಲೆ ಗಾಜು ಹಿಡಿ."

ಗಾಜಿನ ಮೇಲೆ ಸಣ್ಣ ಹನಿಗಳು ಮೂಡಿದವು.

"ಏನದು?"

"ನೀರು, ಗುರುಗಳೇ."

"ಕಲ್ಲಿನ ಒಳಗಿನ ನೀರು. ಬರೆದುಕೋ. ಈಗ ಊದು."

ಹಾಲಪ್ಪ ಕೊಳವೆಯಿಂದ ಊದಿದ. ಹಸಿರು ಕಪ್ಪಾಯಿತು. ಬಿಳಿ ಹೊಗೆ ಎದ್ದಿತು.

ಅಡುಗೆಮನೆಯಿಂದ ತಿಪ್ಪಮ್ಮನ ದನಿ ಕೇಳಿತು. "ನಾನಿನ್ನೂ ಒಗ್ಗರಣೆನೇ ಇಟ್ಟಿಲ್ಲ. ಅಲ್ಯಾರು ಬೆಳ್ಳುಳ್ಳಿ ಸುಡ್ತಿರೋದು?"

ಅವಳು ಕೇಳುತ್ತಲೇ ಒಳಗೆ ಬಂದಳು. ಅಗ್ಗಿಷ್ಟಿಕೆಯಿಂದ ಒಂದು ಕೆಂಡ ನೆಲಕ್ಕೆ ಉರುಳಿತ್ತು. ಅದರ ಮೇಲೆ ಬರಿಗಾಲಿಟ್ಟು ನಿಂತಳು.

"ಅಕ್ಕ, ಕಾಲು" ಎಂದ ಹಾಲಪ್ಪ.

"ಯಾಕೆ, ಕಾಲಿಗೇನಾಯ್ತು?" ಎಂದು ಅವಳು ಬಗ್ಗಿ ನೋಡಿದಳು. ಕಾಲಿನ ಕೆಳಗಿಂದ ಹೊಗೆ ಬರುತ್ತಿತ್ತು. ಬೇರೆ ಯಾರದೋ ಕಾಲು ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿ, ಪಕ್ಕಕ್ಕೆ ಇಟ್ಟಳು.

ಅವಳ ಕಾಲಿಗೆ ಬಟ್ಟೆ ಕಟ್ಟಿ ಕೂರಿಸಿದ ಮೇಲೆ ಗುರುಗಳು ಕೇಳಿದರು. "ಕೆಂಡದ ಮೇಲೆ ಬೆಳ್ಳುಳ್ಳಿ ವಾಸನೆ ಕೊಡುವುದು ಯಾವ ಜಾತಿ?"

"ಪಾಷಾಣ. ತಿಂದವರನ್ನು ಕೊಲ್ಲುವ ಜಾತಿ. ಹಳದಿ ಹರಿದಾಳ, ಕೆಂಪು ಮನಃಶಿಲೆ, ಎರಡೂ ಅದೇ."

"ಅವು ಗಾಜಿನ ಮೇಲೆ ನೀರು ಬಿಡುತ್ತವೆಯೇ?"

"ಇಲ್ಲ."

"ಇದು ಬಿಟ್ಟಿತು. ಯಾಕೆ?"

ಹಾಲಪ್ಪ ಯೋಚಿಸಿದ. "ಅವು ನೆಲದೊಳಗೆ ಶಾಖದಲ್ಲಿ ಹುಟ್ಟಿದವು. ಇದು ನೀರಿನಲ್ಲಿ ಹುಟ್ಟಿದ್ದು. ಗಣಿಯೊಳಗಿನ ಹಳೆಯ ಪಾಷಾಣ ಮಳೆನೀರಿಗೆ ಕರಗುತ್ತದೆ. ಆ ನೀರು ತಾಮ್ರ ಇರುವ ಬಿರುಕಿಗೆ ಬಂದು ಆರುತ್ತದೆ. ಆರಿದ್ದು ಹಸಿರಾಗಿ ಹರಳು ಕಟ್ಟುತ್ತದೆ."

"ಸರಿ. ಆರದೆ ಉಳಿದ ನೀರು?"

ಹಾಲಪ್ಪ ಕಿಟಕಿಯಾಚೆ ನೋಡಿದ. ಮೇಲೆ ಗಣಿಯ ಬಾಯಿ. ಕೆಳಗೆ ನೇರಕ್ಕೆ ಒರತೆ. ಒರತೆಯ ಮುಂದೆ ಮೂರು ಜನ ಶಿಷ್ಯರು ಬಿಂದಿಗೆ ಹಿಡಿದು ಸರದಿಗೆ ಕಾಯುತ್ತಿದ್ದರು.

ಅವನು ಓಡಿಹೋಗಿ ಒರತೆಯ ಬಾಯಲ್ಲಿ ಕಟ್ಟಿದ್ದ ತುಕ್ಕುಬಣ್ಣದ ಕೆಸರನ್ನು ಬೊಗಸೆಯಲ್ಲಿ ತಂದ. ಒಣಗಿಸಿ ಕೆಂಡದ ಮೇಲೆ ಉದುರಿಸಿದ.

ಮತ್ತೆ ಬೆಳ್ಳುಳ್ಳಿ.

ಗುರುಗಳು ತಮ್ಮ ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ಆಮೇಲೆ ತಿಪ್ಪಮ್ಮನ ಕೈ ಹಿಡಿದು ತಿರುಗಿಸಿ ನೋಡಿದರು.

"ಹನ್ನೊಂದು ತಿಂಗಳು, ಗುರುಗಳೇ" ಎಂದ ಹಾಲಪ್ಪ. "ನಾನು ಮೊದಲ ದಿನವೇ ಸುಟ್ಟಿದ್ದರೆ ಅಕ್ಕನ ಕಾಲು ಇಷ್ಟು ಕೆಡುತ್ತಿರಲಿಲ್ಲ."

"ನಿನ್ನದು ಹನ್ನೊಂದು ತಿಂಗಳು. ನನ್ನದು ನಲವತ್ತು ವರ್ಷ. ಈ ಗುಡ್ಡದ ಒಂದೊಂದು ಕಲ್ಲನ್ನೂ ಸುಟ್ಟು ಮೂಸಿದ್ದೇನೆ. ಕುಡಿಯುವ ನೀರಿನ ಕೆಸರನ್ನು ಮಾತ್ರ ಸುಡಲಿಲ್ಲ."

"ಯಾಕೆ?"

"ಸಿಹಿಯಾಗಿತ್ತು."

ಗುರುಗಳು ಉಳಿಯನ್ನು ತೆಗೆದು ಹಾಲಪ್ಪನ ಮುಂದೆ ಹಿಡಿದರು. "ಕೊರೆ. ನೀರು ಬಿಡುವ ಪಾಷಾಣ ಈ ಗೋಡೆಯಲ್ಲಿಲ್ಲ. ಇದು ಹೊಸ ಜಾತಿ."

"ಈಗ ನನಗೆ ಬೇಡ ಗುರುಗಳೇ."

"ನಿನಗೆ ಅಂತ ಯಾರು ಹೇಳಿದರು? ಗೂಡು ಕಲ್ಲಿಗೆ. ನಿನಗೆ ದುಃಖವಾಯಿತು ಅಂತ ಅದರ ಜಾತಿ ಬದಲಾಗುವುದಿಲ್ಲ."

ಹಾಲಪ್ಪ ಗೂಡು ಕೊರೆದ. ಅದರೊಳಗೆ ಇಡಲು ಉಳಿದದ್ದು ಒಂದು ಹಿಡಿ ಮುರಿದ ಸೂಜಿಗಳು. ಇಟ್ಟ.

ಮಧ್ಯಾಹ್ನದೊಳಗೆ ಗುರುಗಳು ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಇಪ್ಪತ್ತಾರು ಜನ ಕೂತರು. ತಿಪ್ಪಮ್ಮ ಕಂಬಕ್ಕೆ ಒರಗಿ ಕೂತಳು.

"ಒರತೆಯ ನೀರಿನಲ್ಲಿ ಪಾಷಾಣ ಇದೆ" ಎಂದರು ಗುರುಗಳು. "ಇನ್ನು ಮೇಲೆ ಯಾರೂ ಅದನ್ನು ಕುಡಿಯಬೇಡಿ. ನಮ್ಮ ಕೈಯಲ್ಲಿ ಎದ್ದಿರುವುದು ಕಲಿತ ಗುರುತಲ್ಲ, ರೋಗ. ನಾನು ತಪ್ಪು ಹೇಳಿದ್ದೆ."

ಪಂಪಯ್ಯನ ಕಣ್ಣಿನಲ್ಲಿ ನೀರು ಬಂತು.

"ಇಪ್ಪತ್ತೈದು ವರ್ಷ ಈ ಮಾತಿಗೆ ಕಾದಿದ್ದೆ" ಎಂದ. "ಒರತೆ ಅಂದರೆ ವಿದ್ಯೆ. ಅದರೊಳಗಿನ ಪಾಷಾಣ ಅಂದರೆ, ನಾನು ಕಲಿತೆ ಅನ್ನುವ ಅಹಂಕಾರ."

"ಅಲ್ಲ ಪಂಪಯ್ಯನವರೇ" ಎಂದ ಇನ್ನೊಬ್ಬ. "ಒರತೆ ಸಂಸಾರ. ಅದು ಸಿಹಿಯಾಗಿರುತ್ತದೆ, ಅಲ್ಲವೇ? ಪಾಷಾಣ ಅಂದರೆ ಆಸೆ."

"ಅಡ್ಡ ಅರ್ಥ ಹುಡುಕಬೇಡಿ" ಎಂದರು ಗುರುಗಳು. "ನೀರು ಅಂದರೆ ನೀರು."

ಪಂಪಯ್ಯ ಕೈಮುಗಿದ. "ಕೇಳಿದಿರಾ? ನೀರು ಅಂದರೆ ನೀರು. ಎರಡಿಲ್ಲ." ಪಕ್ಕದವನು ಅದನ್ನು ಬರೆದುಕೊಂಡ.

"ಕೆಸರು ಸುಟ್ಟು ತೋರಿಸುತ್ತೇನೆ, ಬನ್ನಿ" ಎಂದ ಹಾಲಪ್ಪ.

"ನಿನಗೆ ಗೂಡು ಸಿಕ್ಕಿತು. ನೀನಿನ್ನು ಏನು ಬೇಕಾದರೂ ಸುಡಬಹುದು" ಎಂದ ಪಂಪಯ್ಯ.

ಆದರೂ ಹಾಲಪ್ಪ ಸುಟ್ಟು ತೋರಿಸಿದ. ಎಲ್ಲರೂ ಸಾಲಾಗಿ ಬಂದು ಮೂಸಿದರು. ವಾಸನೆ ಬೆಳ್ಳುಳ್ಳಿಯದೇ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಬೆಳ್ಳುಳ್ಳಿ ಯಾವುದರ ಸಂಕೇತ ಎಂಬುದರಲ್ಲಿ ಇತ್ತು.

ಚರ್ಚೆ ಸಂಜೆಯವರೆಗೆ ನಡೆಯಿತು. ಗಂಟಲು ಒಣಗಿದವರು ನಡುನಡುವೆ ಎದ್ದುಹೋಗಿ ಒರತೆಯಲ್ಲಿ ನೀರು ಕುಡಿದು ಬಂದರು.

ಮಾರನೆಯ ದಿನ ಹಾಲಪ್ಪ ಬಂಡೆಗಳನ್ನು ಉರುಳಿಸಿ ಒರತೆಯ ಬಾಯಿ ಮುಚ್ಚಿದ. ಶಿಷ್ಯರು ಇದನ್ನು ಆರನೆಯ ಪರೀಕ್ಷೆ ಎಂದು ತಿಳಿದು, ಒಟ್ಟಾಗಿ ಸೇರಿ ಬಂಡೆಗಳನ್ನು ತೆಗೆದರು. ಅಷ್ಟು ಒಗ್ಗಟ್ಟು ಆಶ್ರಮದಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಅದರ ಮಾರನೆಯ ದಿನ ಗುರುಗಳೇ ಎದ್ದು ಬಂದು, ತುಂಬಿಟ್ಟ ಬಿಂದಿಗೆಯನ್ನು ಕಾಲಿನಿಂದ ಒದ್ದರು. ಮಣ್ಣಿನ ಬಿಂದಿಗೆ ಚೂರಾಯಿತು. ಇಪ್ಪತ್ತೈದು ಜನ ಚೂರುಗಳನ್ನು ಹಂಚಿಕೊಂಡು, ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡರು.

ಗುರುಗಳು ಪೀಠಕ್ಕೆ ಹೋಗಲಿಲ್ಲ. ಅಡುಗೆಮನೆಯ ಜಗಲಿಯ ಮೇಲೆ ಕೂತರು. ಹಾಲಪ್ಪ ಕೆಳಗೆ ಕೂತ.

ತಿಪ್ಪಮ್ಮ ತಾಮ್ರದ ಕೊಡ ಹಿಡಿದುಕೊಂಡು ಹೊರಗೆ ಬಂದಳು. ಕಾಲಿನ ಬಟ್ಟೆ ಮಾಸಿತ್ತು.

"ಬುದ್ದೀ, ಮೊನ್ನೆ ಹೇಳಿದ್ರಲ್ಲ, ಒರತೆ ನೀರು ಬೇಡ ಅಂತ. ನನ್ಗೂ ಸೇರ್ಸಿ ಹೇಳಿದ್ದಾ?"

"ಹೌದಮ್ಮ."

"ಆವತ್ತೇ ನಾನು ಬಿಟ್ಟೆ ಅನ್ನಿ. ಹಿತ್ತಲ ತೊಟ್ಟೀಲಿ ಮಳೆನೀರಿತ್ತು, ಅದ್ರಲ್ಲೇ ಎರಡು ದಿನ ಅಡಿಗೆ ಮಾಡ್ದೆ. ಈಗ ಖಾಲಿ. ಹೊಳೆಯಿಂದ ತರ್ಲಾ?"

"ಹೊಳೆಯಿಂದ ತಾ. ದೂರ ಆಗುತ್ತದಲ್ಲ ನಿನಗೆ?"

"ದೂರ ಆದ್ರೆ ಏನ್ಮಾಡೋದು? ವಿಷ ಅಂದ್ಮೇಲೆ ಕುಡಿಯಕ್ಕಾಗುತ್ತಾ?" ಎಂದಳು ಅವಳು.

"ಅವರು ಕುಡಿಯುತ್ತಿದ್ದಾರಲ್ಲ ತಿಪ್ಪಕ್ಕ" ಎಂದ ಹಾಲಪ್ಪ.

"ಅವ್ರು ಓದಿದವ್ರಪ್ಪ. ಅವ್ರಿಗೇನೋ ಬೇರೆ ಗೊತ್ತಿರ್ಬೇಕು."

ಹಾಲಪ್ಪ ಕೊಡಕ್ಕೆ ಕೈಹಾಕಿದ. ಅವಳು ಬಿಡಲಿಲ್ಲ. "ನೀನು ಇನ್ನೊಂದು ತಗೊಂಡು ಹಿಂದೆ ಬಾ. ಒಂದು ಕೊಡ ಸಾಲಲ್ಲ, ಅನ್ನಕ್ಕೂ ಸಾರಿಗೂ ಅದೇ ಆಗ್ಬೇಕು" ಎಂದು ಹೊರಟಳು. ಪ್ರತಿ ಹೆಜ್ಜೆಗೂ ಕಾಲು ನೆಲಕ್ಕೆ ಮುಟ್ಟಿತೇ ಎಂದು ಬಗ್ಗಿ ನೋಡಿಕೊಂಡು, ಆಮೇಲೆ ಮುಂದಿನದನ್ನು ಎತ್ತಿಡುತ್ತಿದ್ದಳು.

ಹಾಲಪ್ಪ ಒಳಗಿಂದ ಇನ್ನೊಂದು ಕೊಡ ತಂದು ನಿಂತ.

"ಗುರುಗಳೇ, ನೀವು ಹೇಳಿದ್ದು ಎಲ್ಲರಿಗೂ ಒಂದೇ ಮಾತು. ಇವಳೊಬ್ಬಳಿಗೆ ಅದು ಹೇಗೆ ಅರ್ಥವಾಯಿತು?"

ಗುರುಗಳು ಹೊಳೆಯ ದಾರಿಯನ್ನು ನೋಡುತ್ತಿದ್ದರು.

"ಅವಳಿಗೆ ನಾನು ಏನೂ ಕಲಿಸಿರಲಿಲ್ಲ."